ಕಟ್ಟಿಗೆ ಮಾಡುವ ಹವ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಸಾಗರ ಸೀಮೆಯ ಊರಿಗೆ ಮರಳಿದ ಮೇಲೆ ನಾನು ಹಚ್ಚಿಕೊಂಡ ಹವ್ಯಾಸ ಕಟ್ಟಿಗೆ ಮಾಡುವುದು. ಅದರ ಬದಲು ಸಂಗೀತವನ್ನಾದರೂ ಕಲಿಯಬಾರದೇ ಎನ್ನುವ ಹಿರಿಯರಿಂದ ಹಿಡಿದು, ನಮಗೂ ಕೊಡಲಿ ಹಿಡಿಯುವುದನ್ನು ಕಲಿಸಿ ಎನ್ನುವ ಬೆಂಗಳೂರಿನ ನೆಂಟರ ಮಕ್ಕಳವರೆಗೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿಸಲ ಜಗುಲಿಯಲ್ಲಿ ಕುಳಿತು ಹೇಳುವ ಬದಲು ಒಮ್ಮೆ ಬರೆದಿಡುತ್ತಿದ್ದೇನೆ. ನೀವು ಸೌದೆ ಎನ್ನುವವರಾದರೆ ಕಟ್ಟಿಗೆ ಎಂದಲ್ಲೆಲ್ಲ ಸೌದೆ ಎಂದು ಓದಿಕೊಳ್ಳಿ.

ಗ್ಯಾಸ್ ಮನೆಬಾಗಿಲಿಗೆ ಬರುವ ಕಾಲದಲ್ಲಿ ಕಟ್ಟಿಗೆ ಏಕೆ?

ಅನ್ನ, ಸಾರು, ಚಹಾ ನಮ್ಮಲ್ಲೂ ಗ್ಯಾಸಿನ ಮೇಲೆಯೇ ಆಗುವುದು. ಕಟ್ಟಿಗೆ ಬೇಕಿರುವುದು ಬಚ್ಚಲ ಒಲೆಗೆ ಮತ್ತು ಅಡಿಕೆ ಬೇಯಿಸುವ ಒಲೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಅಪರೂಪದ ಅತಿಥಿಯಾಗಿರುವ ಊರಿನಲ್ಲಿ ಸೋಲಾರ್ ಹೀಟರ್ ಎಂಬುದು ಮಾಡಿನ ಮೇಲಿನ ಅಲಂಕಾರ. ಗಾಳಿ ಮಳೆಗೆ ಕರೆಂಟು ಹೋದರೆ ಮೂರನೆಯ ದಿನಕ್ಕೆ ಬಂದರೂ ಪುಣ್ಯ. ಆಗ ಹಂಡೆಯ ನೀರೇ ಗತಿ. ನಾಲ್ಕು ಜನರ ಸ್ನಾನಕ್ಕೆ ನಮ್ಮ ಮನೆಯಲ್ಲಿ ದಿನಕ್ಕೆ 5–6 ಕೆ.ಜಿ. ಒಣ ಕಟ್ಟಿಗೆ ಸಾಕು. ಹಸಿಯಾದರೆ ಹತ್ತು ಕೆ.ಜಿ. ಸುರಿದರೂ ನೀರು ಉಗುರುಬೆಚ್ಚಗಾಗಿ ಕುಳಿತುಬಿಡುತ್ತದೆ. ಈ ವ್ಯತ್ಯಾಸವೇ ನನ್ನನ್ನು ಈ ಹವ್ಯಾಸಕ್ಕೆ ಎಳೆದದ್ದು.

ಇದನ್ನು ಹವ್ಯಾಸ ಎನ್ನುವುದು ಸರಿಯೇ?

ನನ್ನನ್ನು ನಿಜಕ್ಕೂ ಚುಚ್ಚುವ ಪ್ರಶ್ನೆ ಇದು. ನಮ್ಮ ಮನೆಯ ಮುಂದಿನ ದಾರಿಯಲ್ಲಿ ಬೇಸಿಗೆಯಿಡೀ ಹೆಂಗಸರು ತಲೆಯ ಮೇಲೆ ಹೊರೆ ಹೊತ್ತು ಹೋಗುತ್ತಾರೆ. ಸಿಂಬೆಯ ಮೇಲೆ ಮಾರುದ್ದದ ಹೊರೆ, ಒಂದು ಕೈ ಮೇಲಕ್ಕೆ, ಇನ್ನೊಂದು ಕೈಯಲ್ಲಿ ಕತ್ತಿ. ಅವರಲ್ಲೊಬ್ಬಳು ನಾನು ಅಂಗಳದಲ್ಲಿ ಕಟ್ಟಿಗೆ ಸೀಳುತ್ತಿರುವುದನ್ನು ನೋಡಿ, “ಅಯ್ಯಾ, ನಿಮಗೆ ಪೆನ್ಶನ್ ಬರುವುದಿಲ್ಲವೇ?” ಎಂದು ಕೇಳಿದ್ದಳು. ತಮಾಷೆಗೆ ಕೇಳಿದ್ದಲ್ಲ. ನನಗೆ ಇದು ಹವ್ಯಾಸವಾಗಿರುವುದು ಕಟ್ಟಿಗೆ ಇಲ್ಲದಿದ್ದರೂ ನನ್ನ ಮನೆಯ ಅನ್ನ ಬೇಯುತ್ತದೆ ಎಂಬ ಒಂದೇ ಕಾರಣಕ್ಕೆ. ಅದನ್ನು ತಿಳಿದುಕೊಂಡು ಮಾಡುವವನು ಅವರಿಗೆ ಸಿಗಬೇಕಾದ ಒಣಗೊಂಬೆಗೆ ಕೈ ಹಾಕುವುದಿಲ್ಲ. ನಮ್ಮ ಬೇಲಿಯ ಹೊರಗೆ ಬಿದ್ದ ಯಾವ ಕಡ್ಡಿಯನ್ನೂ ನಾನು ಎತ್ತುವುದಿಲ್ಲ.

ಅಪ್ಪಿಕೋ ಚಳವಳಿ ಹುಟ್ಟಿದ ಸೀಮೆಯ ಪಕ್ಕದಲ್ಲಿದ್ದು ಕೊಡಲಿ ಹಿಡಿಯಲು ನಾಚಿಕೆಯಾಗುವುದಿಲ್ಲವೇ?

1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡದ್ದು ಕಾಡಿನ ಸಗಟು ಕಡಿತವನ್ನು ತಡೆಯಲು. ಆ ಕಾಡಿನಿಂದ ತೋಟಕ್ಕೆ ಸೊಪ್ಪು, ಒಲೆಗೆ ಒಣಕಟ್ಟಿಗೆ ತರುತ್ತಿದ್ದವರೇ ಅಲ್ಲಿ ನಿಂತಿದ್ದರು. ಆ ಚಳವಳಿ ಕೊಟ್ಟ ಮೂರು ಮಾತು: ಉಳಿಸು, ಬೆಳೆಸು, ಬಳಸು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ನಾನು ಮೊದಲೆರಡನ್ನು ಮರೆಯದೆ ಮೂರನೆಯದನ್ನು ಮಾಡುತ್ತಿದ್ದೇನೆ ಎಂದುಕೊಂಡಿದ್ದೇನೆ. ತಪ್ಪಿದ್ದರೆ ಹೇಳಿ, ಜಗಳವಾಡೋಣ.

ವರ್ಷಕ್ಕೆ ಎಷ್ಟು ಮರ ಕಡಿಯುತ್ತೀರಿ?

ಕಳೆದ ವರ್ಷ ಎರಡು. ಬೇಲಿಯಂಚಿನಲ್ಲಿ ತೋಟದ ಕಡೆಗೆ ವಾಲಿದ್ದ ಅಕೇಶಿಯಾ ಒಂದು, ನಿಂತಲ್ಲೇ ಸತ್ತಿದ್ದ ಮಾವು ಒಂದು. ಅದರ ಹಿಂದಿನ ವರ್ಷ ಒಂದೂ ಇಲ್ಲ. ಮರ ಕಡಿಯುವ ಹವ್ಯಾಸ ಎಂದು ಜನ ಕಣ್ಣರಳಿಸುತ್ತಾರೆ, ಆದರೆ ನಮ್ಮ ಕಟ್ಟಿಗೆ ಮನೆಯ ಅರ್ಧಕ್ಕಿಂತ ಹೆಚ್ಚು ಭಾಗ ಯಾವ ಮರವನ್ನೂ ಕಡಿಯದೆ ತುಂಬುತ್ತದೆ. ಗಾಳಿಗೆ ಮುರಿದ ಕೊಂಬೆ, ಸುಳಿ ಕಳೆದುಕೊಂಡು ಸತ್ತ ಅಡಿಕೆ ಮರ, ತೆಂಗಿನ ಮಟ್ಟೆ, ಕರಟ, ಅಡಿಕೆ ಸಿಪ್ಪೆ ಎಲ್ಲ ಒಲೆಗೇ ಬರುತ್ತವೆ. ಬಚ್ಚಲ ಒಲೆ ಹೊತ್ತಿಸಲು ತೆಂಗಿನ ಒಣಗರಿಗೆ ಸಮನಾದದ್ದು ಇಲ್ಲ.

ನನ್ನ ಜಮೀನಿನ ಮರ, ನಾನು ಕಡಿಯುತ್ತೇನೆ. ಯಾರನ್ನು ಕೇಳಬೇಕು?

ಕೇಳಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಮೀನಿನಲ್ಲಿರುವ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ‘ಕಡಿಯುವುದು’ ಎಂಬ ಮಾತಿಗೆ ಆ ಕಾಯ್ದೆ ಕೊಟ್ಟ ಅರ್ಥ ದೊಡ್ಡದು. ಬುಡ ಕತ್ತರಿಸುವುದಷ್ಟೇ ಅಲ್ಲ, ಕೊಂಬೆ ಸವರುವುದು, ಸುತ್ತ ತೊಗಟೆ ಕೆತ್ತಿ ಮರವನ್ನು ಒಣಗಿಸುವುದು, ಮದ್ದು ಹಾಕಿ ಕೊಲ್ಲುವುದು, ಬೆಂಕಿ ಇಡುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ರಾತ್ರಿ ತೊಗಟೆ ಕೆತ್ತಿ, ಆರು ತಿಂಗಳ ಮೇಲೆ ‘ತಾನಾಗಿ ಸತ್ತ ಮರ’ ಎಂದು ಅರ್ಜಿ ಕೊಡುವ ಜಾಣರು ಇದನ್ನು ಎರಡು ಸಲ ಓದಲಿ.

ಸತ್ತ ಮರ, ರೋಗ ಬಂದ ಮರ, ಗಾಳಿಗೆ ಬಿದ್ದ ಮರ, ಮನೆಗೋ ಜೀವಕ್ಕೋ ಅಪಾಯವಾಗಿ ನಿಂತ ಮರ, ಇವು ಅನುಮತಿ ಸಿಗುವ ಕಾರಣಗಳು. ಹಳ್ಳಿಯವರು ತಮ್ಮ ಉರುವಲು, ಮೇವು, ಬೇಸಾಯದ ಸಲಕರಣೆಗಾಗಿ ಕೇಳುವುದಕ್ಕೂ ಕಾಯ್ದೆಯಲ್ಲಿ ಜಾಗವಿದೆ. ಕಡಿದದ್ದಕ್ಕೆ ಬದಲಾಗಿ ಬೇರೆ ಸಸಿ ನೆಡಬೇಕು ಎಂಬ ಷರತ್ತೂ ಜೊತೆಗೆ ಬರುತ್ತದೆ. ಗಾಳಿ ಮರ (ಸರ್ವೆ), ತೆಂಗು, ರಬ್ಬರ್, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ ಮುಂತಾದವುಗಳಿಗೆ ಅನುಮತಿಯಿಂದ ವಿನಾಯಿತಿ ಇದೆ. ಈ ಪಟ್ಟಿ ತಿದ್ದುಪಡಿಗಳಲ್ಲಿ ಬೆಳೆದಿದೆ, ಆದ್ದರಿಂದ ನಿಮ್ಮ ಮರ ಅದರಲ್ಲಿ ಇದೆಯೇ ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಪಹಣಿ ಜೊತೆಗಿರಲಿ. ಕಟ್ಟಿಗೆಯನ್ನು ಲಾರಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬೇರೆ ಊರಿಗೆ ಒಯ್ಯುವುದಾದರೆ ರಹದಾರಿ ಬೇಕೇ ಎಂಬುದನ್ನೂ ಅಲ್ಲೇ ವಿಚಾರಿಸಿ.

ಬೀಟೆ, ಸಾಗುವಾನಿ, ಶ್ರೀಗಂಧದ ಮಾತೇ ಬೇರೆ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ಮೇಲೆ ಜಮೀನಿನಲ್ಲಿರುವ ಶ್ರೀಗಂಧಕ್ಕೆ ಜಮೀನಿನವನೇ ಒಡೆಯ. ಆದರೂ ಇಲಾಖೆಯನ್ನು ಬಿಟ್ಟು ಅದನ್ನು ಕಡಿಯುವಂತಿಲ್ಲ. ಇವು ಕಟ್ಟಿಗೆಯ ಮರಗಳೂ ಅಲ್ಲ ಬಿಡಿ. ಬೀಟೆಯನ್ನು ಒಲೆಗೆ ಹಾಕುವವನಿಗೆ ಒಲೆಯ ಮುಂದೆ ಕೂರುವ ಯೋಗ್ಯತೆಯಿಲ್ಲ.

ಸೊಪ್ಪಿನಬೆಟ್ಟದಿಂದ ಕಟ್ಟಿಗೆ ತರಬಹುದೇ?

ಸೊಪ್ಪಿನಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು. ಬೆಟ್ಟ ನಿಮ್ಮ ತೋಟಕ್ಕೆ ಬಿಟ್ಟದ್ದಾದರೆ ಅಲ್ಲಿನ ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಕಟ್ಟಿಗೆಯನ್ನು ನಿಮ್ಮ ಸ್ವಂತ ಬಳಕೆಗೆ ತರುವ ಸವಲತ್ತು ಹಳೆಯದು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟದ್ದುಂಟು. ಸವಲತ್ತು ಎಂದರೆ ಒಡೆತನವಲ್ಲ, ಮಾರುವ ಹಕ್ಕಂತೂ ಅಲ್ಲವೇ ಅಲ್ಲ. ಇದೇ ಬಗೆಯ ಸವಲತ್ತಿನ ಜಮೀನುಗಳಾದ ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆಗೆ ಅವುಗಳದೇ ನಿಯಮಗಳಿವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಮಾತ್ರ ಪರವಾನಗಿಯಿಲ್ಲದೆ ಬಿದ್ದ ಕಡ್ಡಿಯನ್ನೂ ಎತ್ತಬೇಡಿ.

ಯಾವ ಮರದ ಕಟ್ಟಿಗೆ ಒಳ್ಳೆಯದು?

ಜಗುಲಿಯಲ್ಲಿ ಈ ಒಂದು ಪ್ರಶ್ನೆ ಹಾಕಿದರೆ ಸಂಜೆಯವರೆಗೆ ಮಾತಿಗೆ ಬರವಿಲ್ಲ. ಮೊದಲು ಒಂದು ಲೆಕ್ಕ. ನೀರಿನಂಶವೆಲ್ಲ ಹೋಗಿ ಪೂರ್ತಿ ಒಣಗಿದ ಮೇಲೆ ಒಂದು ಕೆ.ಜಿ. ಕಟ್ಟಿಗೆ ಯಾವ ಮರದ್ದಾದರೂ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ, ಸುಮಾರು 4,500 ಕಿಲೋ ಕ್ಯಾಲರಿ. ಹಾಲವಾಣವೂ ಅಷ್ಟೇ, ಹುಣಸೆಯೂ ಅಷ್ಟೇ. ಆದರೆ ಹಾಲವಾಣದ ಒಂದು ಕೆ.ಜಿ. ಬುಟ್ಟಿ ತುಂಬುತ್ತದೆ, ಹುಣಸೆಯ ಒಂದು ಕೆ.ಜಿ. ಅಂಗೈ ಮೇಲೆ ಕೂರುತ್ತದೆ. ಒಲೆಯ ಬಾಯಿ ಇರುವುದು ಇಷ್ಟೇ ಅಗಲ. ಆದ್ದರಿಂದ ಗಟ್ಟಿ ಮರಕ್ಕೆ ಬೆಲೆ.

ಹುಣಸೆಯ ಕೆಂಡ ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆಗೂ ಜೀವಂತ. ಅದನ್ನು ಸೀಳುವಾಗ ಮಾತ್ರ ಪಿತೃಗಳೆಲ್ಲ ನೆನಪಾಗುತ್ತಾರೆ, ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಬಯಲುಸೀಮೆಯವರಿಗೆ ಜಾಲಿ. ಕರಾವಳಿಯವರಿಗೆ ಗಾಳಿ ಮರ. ಅದು 1868ರ ಸುಮಾರಿಗೆ ಕಾರವಾರಕ್ಕೆ ಹೊರಗಿನಿಂದ ಬಂದ ಮರ, ಅರೆಹಸಿಯಿದ್ದರೂ ಹೊತ್ತಿಕೊಳ್ಳುತ್ತದೆ. ನಮ್ಮ ಕಡೆ ಹಿಂದೆ ಮತ್ತಿ, ಜಂಬೆ, ಕಿಂದಳ ಎನ್ನುತ್ತಿದ್ದರು. ಈಗ ಎಲ್ಲೆಲ್ಲೂ ಅಕೇಶಿಯಾ. ಕಳೆದ ಶತಮಾನದ ಎಂಬತ್ತರ ದಶಕದಿಂದ ಬೋಳು ಗುಡ್ಡಗಳಲ್ಲಿ ನೆಟ್ಟದ್ದು. ಅದರ ಕೆಳಗೆ ಹುಲ್ಲೂ ಬೆಳೆಯುವುದಿಲ್ಲ ಎಂದು ನಾನೂ ಬೈದಿದ್ದೇನೆ, ಈಗಲೂ ಬೈಯುತ್ತೇನೆ. ಆದರೆ ಒಲೆಯ ಮುಂದೆ ಕುಳಿತು ಸುಳ್ಳು ಹೇಳಬಾರದು: ನೇರವಾಗಿ ಸೀಳುತ್ತದೆ, ಬೇಗ ಒಣಗುತ್ತದೆ, ಹದವಾಗಿ ಉರಿಯುತ್ತದೆ. ಕಾಡಿನ ಮತ್ತಿ ಉಳಿಯಬೇಕೆಂದರೆ ಒಲೆಗೆ ಅಕೇಶಿಯಾವೇ ಹೋಗಲಿ.

ಗೇರು ಚಟಪಟ ಸಿಡಿಯುತ್ತದೆ, ಒಲೆಯ ಮುಂದೆ ಪಂಚೆ ಉಟ್ಟು ಕೂರುವವರು ಎಚ್ಚರವಾಗಿರಬೇಕು. ಸಿಲ್ವರ್ ಓಕ್ ಸೀಳಲು ಸುಲಭ, ಉರಿದು ಮುಗಿಯುವುದೂ ಅಷ್ಟೇ ಬೇಗ. ಬೂರುಗ, ಹಾಲವಾಣ, ನುಗ್ಗೆ ಹೊಗೆಗೆ ಮಾತ್ರ ಸರಿ. ಮಾವು ಮಧ್ಯಮ. ಆದರೆ ನಮ್ಮೂರಿನಲ್ಲಿ ಮಾವಿನ ಮರಕ್ಕೆ ಕೊಡಲಿ ಬಿದ್ದ ಸದ್ದು ಕೇಳಿದರೆ ದಾರಿಯಲ್ಲಿ ಹೋಗುವವರು ನಿಂತು, “ಯಾರು ಹೋದರು?” ಎಂದು ಕೇಳುತ್ತಾರೆ, ಚಿತೆಗೆ ಮಾವೇ ಬೇಕಲ್ಲ! ಕಳೆದ ವರ್ಷ ಸತ್ತ ಮಾವು ಕಡಿದಾಗ ನಾನು ಇನ್ನೂ ಇದ್ದೇನೆ ಎಂದು ಮೂರು ಜನರಿಗೆ ಹೇಳಬೇಕಾಯಿತು. ಆಲ, ಅರಳಿ, ಅತ್ತಿಯನ್ನು ನಮ್ಮ ಮನೆಯಲ್ಲಿ ಒಲೆಗೆ ಹಾಕುವುದಿಲ್ಲ, ಅವುಗಳ ಕಡ್ಡಿ ಸಮಿತ್ತಾಗಿ ಹೋಮಕ್ಕೆ ಮಾತ್ರ.

ಮುಟ್ಟಲೇಬಾರದ ಮರ ಯಾವುದಾದರೂ ಇದೆಯೇ?

ಹೊಳಗೇರು. ಗೇರು, ಮಾವಿನ ಕುಟುಂಬದ್ದೇ. ಕಡಿದಲ್ಲಿ ಒಸರುವ ಸೊನೆ ಗಾಳಿಗೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಬೊಬ್ಬೆ ಬಂದು ಊದಿಕೊಳ್ಳುತ್ತದೆ. ಕೆಲವರಿಗೆ ಮರದ ಕೆಳಗೆ ನಿಂತರೂ ಸಾಕು. ತಾಗಿದ ಕೂಡಲೇ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ, ಮುಖ ಊದಿದರೆ ಆಸ್ಪತ್ರೆಗೆ ಹೋಗಿ. ಕಾಂಡದ ಮೇಲೆ ಕಪ್ಪು ಕಲೆ ಇಳಿದ ಗುರುತು ಕಂಡರೆ, ಯಾವ ಮರ ಎಂದು ತಿಳಿದವರನ್ನು ಕೇಳುವವರೆಗೆ ಕತ್ತಿ ಎತ್ತಬೇಡಿ.

ಇನ್ನೊಂದು, ಪೊಟರೆ ಇರುವ ಮರ. ಒಣಗಿದ ಕೊಂಬೆಯಲ್ಲಿ ದುಂಡನೆಯ ತೂತು ಕಂಡರೆ ಅದು ಕುಟ್ರು ಹಕ್ಕಿಯದೋ ಮರಕುಟಿಗದ್ದೋ ಮನೆ. ನಮ್ಮ ಕಟ್ಟಿಗೆ ಕಾಲ ಮತ್ತು ಅವುಗಳ ಬಾಣಂತನದ ಕಾಲ ಒಂದೇ ಆಗಿರುವುದು ಅವುಗಳ ದುರದೃಷ್ಟ. ಮಂಗಟ್ಟೆ ಹಕ್ಕಿಯ ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕುಳಿತಿರುವುದೂ ಇದೇ ದಿನಗಳಲ್ಲಿ. ಸತ್ತ ಮರವೆಲ್ಲ ಕಟ್ಟಿಗೆ ಎಂದುಕೊಳ್ಳುವವನು ಕಟ್ಟಿಗೆಯನ್ನಷ್ಟೇ ನೋಡಿದ್ದಾನೆ, ಮರವನ್ನು ನೋಡಿಲ್ಲ. ನಮ್ಮ ತೋಟದ ಮೇಲೆ ಸತ್ತು ನಿಂತಿರುವ ಒಂದು ನಂದಿಮರವನ್ನು ಆರು ವರ್ಷದಿಂದ ಹಾಗೆಯೇ ಬಿಟ್ಟಿದ್ದೇನೆ. ಬಾಡಿಗೆದಾರರು ಬದಲಾಗುತ್ತಿದ್ದಾರೆ, ಮನೆ ಖಾಲಿಯಾಗಿಲ್ಲ.

ಏನೇನು ಸಲಕರಣೆ ಬೇಕು?

ಒಂದು ಕೊಡಲಿ, ಒಂದು ಮಲೆನಾಡಿನ ಕತ್ತಿ, ಒಂದು ಕೈಗರಗಸ, ಎರಡು ಕಬ್ಬಿಣದ ಬೆಣೆ, ಗಟ್ಟಿ ಹಗ್ಗ, ಅರ. ಕೊಡಲಿಯ ತಲೆ ಅಂಗಡಿಯಲ್ಲಿ ಸಿಗುತ್ತದೆ, ಕಾವು, ಅಂದರೆ ಹಿಡಿಕೆ ಮಾತ್ರ ನೀವೇ ಹುಡುಕಬೇಕು. ದಡಸಲು ಮರ ಸಿಕ್ಕರೆ ಬೇರೆ ಯೋಚನೆ ಬೇಡ. ಹಗುರ, ಹೊಡೆತಕ್ಕೆ ಸ್ವಲ್ಪ ಬಳುಕುತ್ತದೆ, ಕೈಗೆ ಜುಮ್ಮೆನ್ನುವುದಿಲ್ಲ. ನನ್ನ ಈಗಿನ ಕಾವು ಎಂಟು ವರ್ಷದ್ದು, ಹಿಡಿಯುವ ಜಾಗ ನಯವಾಗಿ ಹಳೆಯ ಕಂಬದಂತೆ ಹೊಳೆಯುತ್ತದೆ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆ ಅದನ್ನು ಕೆತ್ತುವಾಗ ನೆನಪಾಗದೆ ಇರುವುದಿಲ್ಲ.

ಮರ ಕೊಯ್ಯುವ ಯಂತ್ರದ ವಿಷಯ ಎಲ್ಲರೂ ಕೇಳುತ್ತಾರೆ. ನನ್ನ ಬಳಿ ಇಲ್ಲ. ಇಟ್ಟುಕೊಂಡವರನ್ನು ಹಳಿಯುವುದೂ ಇಲ್ಲ. ದಿನದ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುವುದೇ ಅದರ ಗುಣ. ಅರ್ಧ ಗಂಟೆಯಲ್ಲಿ ಮುಗಿದರೆ ಉಳಿದ ಹೊತ್ತು ನಾನೇನು ಮಾಡಲಿ? ಕೊಳ್ಳುವುದಾದರೆ ಹೆಲ್ಮೆಟ್, ಕಿವಿಗೆ ಮುಚ್ಚಿಗೆ, ಕನ್ನಡಕ, ಕಾಲಿಗೆ ದಪ್ಪ ರಕ್ಷಾಕವಚ, ಬೂಟು ಇವಿಷ್ಟಕ್ಕೂ ಹಣ ಎತ್ತಿಟ್ಟುಕೊಂಡು ಕೊಳ್ಳಿ. ಸರಪಳಿಯ ಮೂತಿಯ ಮೇಲ್ತುದಿ ಮರಕ್ಕೆ ತಾಗಿದರೆ ಯಂತ್ರ ಹಿಡಿದವನ ಮುಖಕ್ಕೇ ಎಗರುತ್ತದೆ. ಹೆಗಲಿನಿಂದ ಮೇಲೆ ಎತ್ತಿ ಕೊಯ್ಯಬಾರದು, ಏಣಿಯ ಮೇಲೆ ನಿಂತು ಕೊಯ್ಯಬಾರದು. ಹವಾಯಿ ಚಪ್ಪಲಿ ಹಾಕಿಕೊಂಡು ಕೊಯ್ಯುವವರನ್ನು ವಾರಕ್ಕೊಮ್ಮೆ ನೋಡುತ್ತೇನೆ, ಪ್ರತಿಸಲ ಹೊಟ್ಟೆಯಲ್ಲಿ ಕಲೆಸಿದಂತಾಗುತ್ತದೆ.

ಮರವನ್ನು ಬೇಕಾದ ಕಡೆಗೆ ಬೀಳಿಸುವುದು ಹೇಗೆ?

ಬರಹ ಓದಿ ಕಲಿಯುವ ವಿದ್ಯೆಯಲ್ಲ ಇದು. ನಾನು ಕಲಿತದ್ದು ನಮ್ಮ ತಂದೆಯ ಕಾಲದಿಂದ ಮನೆಗೆ ಬರುತ್ತಿದ್ದ ಒಬ್ಬ ಹಿರಿಯನಿಂದ. ಅವನು ಮರವನ್ನು ಮೂರು ಸುತ್ತು ಸುತ್ತುತ್ತಿದ್ದ. ಮೊದಲ ಸುತ್ತಿನಲ್ಲಿ ಬುಡ ನೋಡಿ ಕೊಡಲಿಯ ಹಿಂಬದಿಯಿಂದ ತಟ್ಟಿ ಟೊಳ್ಳಿದೆಯೇ ಎಂದು ಕಿವಿಗೊಡುತ್ತಿದ್ದ. ಎರಡನೆಯದರಲ್ಲಿ ನೆತ್ತಿ ಯಾವ ಕಡೆಗೆ ಭಾರವಾಗಿದೆ, ಒಣಗಿ ತೂಗುತ್ತಿರುವ ಕೊಂಬೆ ಇದೆಯೇ, ಬಳ್ಳಿ ಪಕ್ಕದ ಮರಕ್ಕೆ ಹೆಣೆದಿದೆಯೇ ಎಂದು ನೋಡುತ್ತಿದ್ದ. ಮೂರನೆಯದರಲ್ಲಿ ತಾನು ಓಡಬೇಕಾದ ದಾರಿಯನ್ನು. ಬೀಳುವ ದಿಕ್ಕಿಗೆ ನೇರ ಹಿಂದಕ್ಕಲ್ಲ, ಹಿಂದಕ್ಕೆ ಓರೆಯಾಗಿ ಎರಡು ದಾರಿ. ಅಲ್ಲಿನ ಮುಳ್ಳು, ಬಳ್ಳಿಯನ್ನೆಲ್ಲ ಮೊದಲೇ ಸವರಿಡುತ್ತಿದ್ದ.

ಆಮೇಲೆ ಬೀಳಬೇಕಾದ ಕಡೆಗೆ ಕಚ್ಚು. ಕಾಂಡದ ದಪ್ಪದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ, ಬಾಯಿ ತೆರೆದಂತೆ. ನಂತರ ಹಿಂದಿನಿಂದ, ಕಚ್ಚಿನ ತಳಕ್ಕಿಂತ ಎರಡು ಬೆರಳು ಮೇಲೆ, ಗರಗಸ. ಪೂರ್ತಿ ಕೊಯ್ಯಬಾರದು, ದಪ್ಪದ ಹತ್ತನೆಯ ಒಂದು ಭಾಗದಷ್ಟು ಮರ ನಡುವೆ ಉಳಿದಿರಬೇಕು. ಅದು ಬಾಗಿಲಿನ ತಿರುಗಣೆ ಇದ್ದಂತೆ, ಮರ ಅದರ ಮೇಲೆ ಮಗುಚಿಕೊಳ್ಳುತ್ತದೆ. ಅದನ್ನು ಕತ್ತರಿಸಿಬಿಟ್ಟರೆ ಮರ ಯಾವ ಕಡೆಗೆ ಹೋಗುತ್ತದೆ ಎಂಬುದು ಮರಕ್ಕೂ ಗೊತ್ತಿರುವುದಿಲ್ಲ. ಗರಗಸದ ಹಿಂದೆಯೇ ಬೆಣೆ ಹೊಡೆಯುತ್ತ ಹೋಗಬೇಕು.

ನಾನು ಮೊದಲ ವರ್ಷ ಬೆಣೆ ಮರೆತೆ. ಮಧ್ಯಾಹ್ನದ ಗಾಳಿ ಒಮ್ಮೆ ಬೀಸಿತು, ಮರ ಬೀಳುವ ಬದಲು ಹಿಂದಕ್ಕೆ ಕುಳಿತುಕೊಂಡಿತು. ಗರಗಸ ಒಳಗೆ ಸಿಕ್ಕಿಹಾಕಿಕೊಂಡಿತು. ಮುಕ್ಕಾಲು ಕೊಯ್ದ ಅಕೇಶಿಯಾ, ಹಿಂದೆ ನಮ್ಮ ಕೊಟ್ಟಿಗೆ, ಒಳಗೆ ಎರಡು ಹಸು. ಹಸುಗಳನ್ನು ಬಿಚ್ಚಿ ದೂರ ಕಟ್ಟಿ ಆ ಹಿರಿಯನನ್ನು ಕರೆಸಿದೆ. ಬಂದವನು ಮರವನ್ನು ಮುಟ್ಟಲಿಲ್ಲ. ಎಲೆ ಅಡಿಕೆ ಕೇಳಿದ. ಅಂಗಳದ ತುದಿಯಲ್ಲಿ ಕುಳಿತು ಅರ್ಧ ಗಂಟೆ ಜಗಿದ, ಕಣ್ಣು ಮಾತ್ರ ಎಲೆಗಳ ಮೇಲೆ. ಗಾಳಿ ಪೂರ್ತಿ ನಿಂತ ಮೇಲೆ ಎದ್ದು, ಕೊಂಬೆಗೆ ಹಗ್ಗ ಎಸೆದು ಮುಂದಿನ ಮರಕ್ಕೆ ಬಿಗಿದು, ಎರಡು ಬೆಣೆ ಹೊಡೆದ. ಒಂದು ನಿಮಿಷದ ಕೆಲಸ. “ಅಯ್ಯಾ, ಬ್ಯಾಂಕಿನಲ್ಲಿ ನೀವು ಅವಸರ ಮಾಡುತ್ತಿರಲಿಲ್ಲವಲ್ಲ” ಎಂದ. ಅವನ ಖಾತೆ ನಮ್ಮ ಶಾಖೆಯಲ್ಲೇ ಇತ್ತು.

ಎರಡು ಮಾತು ನೆನಪಿರಲಿ. ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಬೇರೆ ಯಾರೂ ಇರಬಾರದು. ಬಿದ್ದ ಮರ ಇನ್ನೊಂದು ಮರಕ್ಕೆ ಆತು ನಿಂತರೆ ಅದರ ಕೆಳಗೆ ಹೋಗಬೇಡಿ, ಆತುಕೊಂಡ ಮರವನ್ನು ಕಡಿಯಲೂಬೇಡಿ. ಅನುಭವಿಗಳನ್ನು ಕರೆಯಿರಿ. ಒಬ್ಬರೇ ಇರುವ ದಿನ ಮರ ಬೀಳಿಸುವ ಕೆಲಸವೇ ಬೇಡ.

ಸೀಳುವುದರಲ್ಲಿ ಏನಿದೆ ಅಂಥದ್ದು? ಬಲವಿದ್ದರೆ ಆಯಿತಲ್ಲ?

ಬಲ ಇದ್ದವರು ಹತ್ತು ನಿಮಿಷ ಸೀಳುತ್ತಾರೆ. ನಾನು, ಅರುವತ್ತು ದಾಟಿದವನು, ಎರಡು ಗಂಟೆ ಸೀಳುತ್ತೇನೆ. ಕುಂಟೆಯನ್ನು, ಅಂದರೆ ಕೊಯ್ದ ಮರದ ತುಂಡನ್ನು, ನಿಲ್ಲಿಸಿ ಮೊದಲು ಅದರ ಮುಖ ಓದಬೇಕು. ಒಣಗುತ್ತ ಬಂದ ಕುಂಟೆಯ ಕೊಯ್ದ ಮುಖದ ಮೇಲೆ ನಡುವಿನಿಂದ ಹೊರಕ್ಕೆ ಕೂದಲೆಳೆಯಂಥ ಬಿರುಕುಗಳಿರುತ್ತವೆ, ಮರ ತಾನು ಎಲ್ಲಿ ಒಡೆಯಲು ಸಿದ್ಧ ಎಂದು ಅಲ್ಲಿಯೇ ಬರೆದಿರುತ್ತದೆ. ಗಂಟು ಇದ್ದರೆ ಅದನ್ನು ಕೆಳಗೆ ಬರುವಂತೆ ತಿರುಗಿಸಿ. ದೊಡ್ಡ ಕುಂಟೆಯ ನಟ್ಟನಡುವೆ ಹೊಡೆಯುವುದು ಹೊಸಬರ ಚಟ. ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸುತ್ತ ಬನ್ನಿ, ಹಲಸಿನ ಹಣ್ಣು ಬಿಡಿಸಿದಂತೆ. ಕೊಡಲಿ ಇಳಿಯುವಾಗ ಮೊಣಕಾಲು ಬಗ್ಗಲಿ, ಗುರಿ ತಪ್ಪಿದರೂ ಅದು ಅಡಿಯ ಕೊರಡಿಗೆ ಬೀಳುತ್ತದೆಯೇ ಹೊರತು ಕಾಲಿಗಲ್ಲ.

ಸರಿಯಾದ ಹೊಡೆತಕ್ಕೆ ಒಂದು ಸದ್ದಿದೆ. ತಪ್ಪು ಹೊಡೆತ ‘ದಬ್’ ಎನ್ನುತ್ತದೆ, ಸರಿಯಾದದ್ದು ‘ಟಕ್’ ಎಂದು ಎರಡು ಹೋಳು ಎರಡು ಕಡೆಗೆ ಉರುಳುತ್ತವೆ. ಒಳಗಿನ ಮರ ಮೊದಲ ಬಾರಿಗೆ ಬೆಳಕು ಕಾಣುತ್ತದೆ, ಅಕೇಶಿಯಾದ ಕಂದು ತಿರುಳು, ಹಲಸಿನ ಅರಿಸಿನ ಬಣ್ಣ. ಹಲಸಿನ ಬುಡ ಸೀಳಿದ ದಿನ ಅಂಗಳವೆಲ್ಲ ಮದುವೆ ಮನೆಯಂತೆ ಹಳದಿ.

ಒಣಗಲು ಎಷ್ಟು ದಿನ ಬೇಕು?

ಆಗತಾನೇ ಕಡಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ನೀರು. ಆ ನೀರು ಕುದಿದು ಆವಿಯಾಗಿ ಹೋಗುವವರೆಗೆ ಬೆಂಕಿಯ ಶಾಖವೆಲ್ಲ ಅದಕ್ಕೇ ಖರ್ಚು, ನಿಮ್ಮ ಹಂಡೆಗೆ ಸಿಗುವುದು ಹೊಗೆ. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಕಡಿದು ಸೀಳಿ ಬಿಸಿಲಿಗೆ ಹಾಕಿದರೆ ಮೇ ಎರಡನೆಯ ವಾರಕ್ಕೆ ಒಳಗೆ ಸೇರಿಸಬಹುದು. ಸೀಳದೆ ಬಿಟ್ಟ ದುಂಡು ಕುಂಟೆ ವರ್ಷವಾದರೂ ಒಳಗೆ ಹಸಿಯೇ, ತೊಗಟೆ ಕೊಡೆಯಂತೆ ನೀರನ್ನು ಒಳಗೇ ಹಿಡಿದಿಡುತ್ತದೆ. ಒಂದು ಜನವರಿಯಲ್ಲಿ ಸರಿಯಾಗಿ 10 ಕೆ.ಜಿ. ತೂಗಿದ ಅಕೇಶಿಯಾ ಹೋಳುಗಳ ಮೇಲೆ ಇದ್ದಿಲಿನಿಂದ ಗುರುತು ಹಾಕಿ ಇಟ್ಟಿದ್ದೆ. ಮೇ ತಿಂಗಳಲ್ಲಿ ಅಡಿಕೆ ತಕ್ಕಡಿಗೆ ಹಾಕಿದಾಗ 6.4 ಕೆ.ಜಿ. ಮೂರೂವರೆ ಕೊಡಪಾನವಲ್ಲ, ಮೂರೂವರೆ ಲೀಟರ್ ನೀರು ಅಷ್ಟೇ, ಆದರೂ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಒಣಗಿದೆಯೇ ಎಂದು ತಿಳಿಯಲು ಎರಡು ಹೋಳನ್ನು ಒಂದಕ್ಕೊಂದು ತಟ್ಟಿ. ಒಣಗಿದ್ದು ‘ಟಣ್’ ಎನ್ನುತ್ತದೆ. ಪೇರಿಸುವಾಗ ಕೆಳಗೆ ಕಲ್ಲಿಟ್ಟು ಅಡ್ಡ ಮರ ಹಾಕಿ, ನೆಲಕ್ಕೆ ತಾಗಿದರೆ ಗೆದ್ದಲು ಬಾಗಿಲು ತಟ್ಟದೆ ಒಳಬರುತ್ತದೆ. ನಮ್ಮ ಕಟ್ಟಿಗೆ ಮನೆಗೆ ಅಡಿಕೆ ಮರ ಸೀಳಿದ ದಬ್ಬೆಯ ಗೋಡೆ, ನಡುನಡುವೆ ಎರಡು ಬೆರಳು ಸಂದು. ಗಾಳಿಗೆ ದಾರಿ, ಮಳೆಗೆ ತಡೆ. ಪ್ಲಾಸ್ಟಿಕ್ ಹಾಳೆಯಲ್ಲಿ ರಾಶಿಯನ್ನು ಸುತ್ತಿಡುವವರು ಆಷಾಢದಲ್ಲಿ ಅಣಬೆ ಕೊಯ್ಯುತ್ತಾರೆ.

ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿದರೆ ಕುಟ್ಟೆ ಹುಳ ಹಿಡಿಯುವುದಿಲ್ಲವಂತೆ?

ಮನೆಗೆ ಹಾಕುವ ಬಿದಿರು, ಮರಕ್ಕೆ ಹಿರಿಯರು ಹಾಗೆ ಹೇಳುತ್ತಾರೆ. ಒಲೆಗೆ ಹೋಗುವುದಕ್ಕೆ ಪಂಚಾಂಗ ಬೇಡ, ಬಿಸಿಲು ಸಾಕು.

ಹಾವು, ಚೇಳಿನ ಭಯವಿಲ್ಲವೇ?

ಇದೆ. ರಾಶಿಯೊಳಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟುವುದು, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಕಟ್ಟಿಗೆ ಮನೆಗೆ ಹೋಗದಿರುವುದು, ಇಷ್ಟು ರೂಢಿಯಾದರೆ ಸಾಕು. ಮರದ ಮೇಲಿನ ಚಗಳಿ ಇರುವೆಯ ಗೂಡನ್ನೂ ಮೊದಲೇ ನೋಡಿಕೊಳ್ಳಿ, ಕೊಡಲಿ ಎತ್ತಿದ ಹೊತ್ತಿನಲ್ಲಿ ಕುತ್ತಿಗೆಗೆ ಚಗಳಿ ಕಚ್ಚಿದರೆ ಕೊಡಲಿ ಎಲ್ಲಿ ಇಳಿಯುತ್ತದೆಂದು ಹೇಳಲಾಗದು.

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಭಯ ಉಣುಗಿನದು, ಅಂದರೆ ಉಣ್ಣೆ ಹುಳದ್ದು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕದ ವೈದ್ಯಗ್ರಂಥಗಳಲ್ಲಿ ಅದು ಆ ಊರಿನ ಹೆಸರಿನಲ್ಲೇ ಇದೆ. ಉಣುಗು ಕಚ್ಚಿ ಬರುವ ಜ್ವರ ಅದು. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನಾವು ಕಟ್ಟಿಗೆ, ದರಕು ತರುವ ತಿಂಗಳುಗಳಲ್ಲೇ ಅದರ ಹಾವಳಿ. ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗು ಕಚ್ಚಿದ್ದೂ ಗೊತ್ತಾಗುವುದಿಲ್ಲ. 2018–19ರ ಬೇಸಿಗೆಯ ಹೊತ್ತಿಗೆ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರು ಜೀವ ಕಳೆದುಕೊಂಡರು. ಆ ವರ್ಷ ನಾನು ಬೆಟ್ಟಕ್ಕೆ ಕಾಲಿಡಲಿಲ್ಲ, ಅಂಗಳಕ್ಕೆ ಬಂದದ್ದನ್ನಷ್ಟೇ ಸೀಳಿದೆ.

ಕಾಡಿಗೆ ಹೋಗುವುದಾದರೆ ಮೈತುಂಬ ಬಟ್ಟೆ, ಪ್ಯಾಂಟಿನ ಅಂಚು ಕಾಲುಚೀಲದ ಒಳಗೆ, ಕೈಕಾಲು ಕುತ್ತಿಗೆಗೆ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಹುಡುಕಾಟ. ಮಂಗ ಸತ್ತುಬಿದ್ದ ಸುದ್ದಿ ಬಂದರೆ ಆ ಕಡೆಗೆ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಿ ಬಂದ ವಾರದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗಬೇಡಿ. ಕಾಡಿಗೆ ಹೋಗಿದ್ದೆ ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿ.

ಹೊಗೆಯಿಂದ ಮನೆಯವರಿಗೆ ತೊಂದರೆಯಾಗುವುದಿಲ್ಲವೇ?

ಹಳೆಯ ಒಲೆಯಲ್ಲಿ ಆಗುತ್ತಿತ್ತು. ನಮ್ಮ ಅಜ್ಜಿಯ ಕಣ್ಣು ಯಾವಾಗಲೂ ಕೆಂಪಗಿರುತ್ತಿದ್ದುದನ್ನು ಅವಳ ಸ್ವಭಾವಕ್ಕೆ ಸೇರಿದ್ದು ಎಂದುಕೊಂಡಿದ್ದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಶುರುವಾದ ಅಸ್ತ್ರ ಎಂಬ ವಿಭಾಗ ಮುಂದೆ ಅಸ್ತ್ರ ಒಲೆ ಕೊಟ್ಟಿತು. ಮೂರು ಪಾತ್ರೆಗೆ ಒಂದೇ ಬೆಂಕಿ, ಹೊಗೆಗೆ ಕೊಳವೆ, ಕಟ್ಟಿಗೆಯೂ ಎಷ್ಟೋ ಉಳಿತಾಯ. ನಮ್ಮ ಬಚ್ಚಲ ಒಲೆ ಅದಲ್ಲ, ಆದರೆ ಕೊಳವೆಯ ಬುದ್ಧಿ ಅಲ್ಲಿಂದ ಬಂದದ್ದು. ಕೊಳವೆಯನ್ನು ವರ್ಷಕ್ಕೆರಡು ಸಲ ಗುಡಿಸದಿದ್ದರೆ ಅದೂ ಅಜ್ಜಿಯ ಒಲೆಯೇ.

ಬೆಂಗಳೂರಿನಲ್ಲಿರುವವರು ಈ ಹವ್ಯಾಸ ಇಟ್ಟುಕೊಳ್ಳಬಹುದೇ?

ಕಡಿಯುವುದಂತೂ ಬೇಡ. ಮನೆಯ ಮುಂದಿನ ಕೊಂಬೆ ಸವರಲೂ ಪಾಲಿಕೆಯ ಅರಣ್ಯ ವಿಭಾಗವನ್ನು ಕೇಳಬೇಕು. ಊರಿಗೆ ಬಂದಾಗ ಸೀಳಿ. ಇಲ್ಲಿಂದ ಕಾರಿನ ಡಿಕ್ಕಿಯಲ್ಲಿ ಕಟ್ಟಿಗೆ ತುಂಬಿಕೊಂಡು ಹೋಗುವ ನೆಂಟರೂ ಇದ್ದಾರೆ, ಜೊತೆಗೆ ಗೆದ್ದಲೂ ಹೋಗುತ್ತದೆ ಎಂದರೆ ನಗುತ್ತಾರೆ. ಅಣ್ಣನ ಮಗ ಇರುವ ಅಮೆರಿಕದ ಮಿಷಿಗನ್ ಸೀಮೆಯಲ್ಲಿ ಇದು ನಗುವ ಮಾತಲ್ಲ. 2002ರಲ್ಲಿ ಅಲ್ಲಿ ಪತ್ತೆಯಾದ ಒಂದು ಹಸಿರು ಜೀರುಂಡೆ ಕಟ್ಟಿಗೆಯ ಜೊತೆ ಊರೂರು ಸುತ್ತಿ ಆಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿತು. ಕಟ್ಟಿಗೆಯನ್ನು ಕೊಂಡ ಊರಿನಲ್ಲೇ ಉರಿಸಿ ಎಂದು ಅಲ್ಲಿ ಸಾರುತ್ತಾರಂತೆ.

ಬೂದಿಯನ್ನು ಏನು ಮಾಡುತ್ತೀರಿ?

ಬದನೆ, ಅಲಸಂದೆಗೆ ಹೇನು ಬಿದ್ದರೆ ಬೆಳಿಗ್ಗೆ ಇಬ್ಬನಿಯ ಮೇಲೆ ಉದುರಿಸುತ್ತೇವೆ. ಉಳಿದದ್ದು ತೆಂಗಿನ ಬುಡಕ್ಕೆ. ಕೆಂಡ ಪೂರ್ತಿ ಆರಿದೆಯೇ ಎಂದು ನೋಡಿಯೇ ಒಯ್ಯಿರಿ, ನಮ್ಮ ಗೊಬ್ಬರಗುಂಡಿಯ ಮಾಡು ಒಮ್ಮೆ ಸುಟ್ಟುಹೋಗಿದೆ.

ಇನ್ನೂ ಎಷ್ಟು ವರ್ಷ ಮಾಡುತ್ತೀರಿ?

ಮರ ಬೀಳಿಸುವುದನ್ನು ಕಳೆದ ವರ್ಷಕ್ಕೇ ನಿಲ್ಲಿಸಿದೆ. ಮಾವಿನ ಮರದ ಹಿಂದೆ ಓಡುವ ದಾರಿ ಸವರಿಟ್ಟಿದ್ದೆ, ಓಡಿದಾಗ ಕಾಲು ನಾನಂದುಕೊಂಡಷ್ಟು ಬೇಗ ಬರಲಿಲ್ಲ. ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೂ ಹೇಳಲಿಲ್ಲ, ಮರುದಿನ ಗರಗಸ ಅಟ್ಟದ ಮೇಲಿತ್ತು. ಇನ್ನು ಮೇಲೆ ಆ ಹಿರಿಯನ ಮಗ ಬಂದು ಬೀಳಿಸಿ ಕುಂಟೆ ಮಾಡಿ ಕೊಡುತ್ತಾನೆ. ಸೀಳುವುದು, ಒಣಗಿಸುವುದು, ಪೇರಿಸುವುದು ನನ್ನ ಪಾಲಿಗೆ. ಅಟ್ಟದ ಏಣಿ ಎಲ್ಲಿದೆ ಎಂದು ನನಗೆ ಗೊತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತು.